ಎಣ್ಣೆ ಬಂದ ದಾರಿ

ಟ್ರ್ಯಾಕ್ಟರ್ ನಿಂತಿದ್ದ ಜಾಗದಲ್ಲಿ ನೆಲ ಒದ್ದೆಯಾಗಿ ಕಂಡರೆ ನಮ್ಮ ಚನ್ನಗಿರಿ ಕಡೆ ಎಲ್ಲರ ಬಾಯಿಗೂ ಮೊದಲು ಬರುವ ಮಾತು "ಸೀಲ್ ಹೋಗೈತೆ". ಯಾವ ಸೀಲು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಅಷ್ಟರಲ್ಲಿ ಒಬ್ಬ ಪಾನ ತರಲು ಒಳಗೆ ಹೋಗಿರುತ್ತಾನೆ. ಆ ಪಾನ ಬೋಲ್ಟಿಗೆ ತಾಗುವ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ ಎಂಬುದು ನನ್ನ ನಂಬಿಕೆ. ಆ ನಂಬಿಕೆ ಹುಟ್ಟಿಸಿದವರು ನಮ್ಮ ಮಿನಿ ಟ್ರ್ಯಾಕ್ಟರನ್ನು ನೋಡಿಕೊಳ್ಳುವ ಮೇಸ್ತ್ರಿ. ಎಣ್ಣೆ ಸೋರುವುದನ್ನು ಅವರಷ್ಟು ನಿಧಾನವಾಗಿ, ಅವರಷ್ಟು ಗೌರವದಿಂದ ನೋಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಡಿಕೆ ತೋಟದಲ್ಲಿ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ. ದೊಡ್ಡ ಟ್ರ್ಯಾಕ್ಟರ್ ಒಳಗೆ ಹೊಕ್ಕರೂ ಸಾಲಿನ ತುದಿಯಲ್ಲಿ ತಿರುಗುವಷ್ಟು ಜಾಗ ಸಿಗುವುದಿಲ್ಲ, ಮರದ ಬುಡ ಕೆರೆಯುತ್ತದೆ, ಬೇರು ತುಳಿಯುತ್ತದೆ. ಎತ್ತುಗಳು ಕೊಟ್ಟಿಗೆಯಿಂದ ಮರೆಯಾದ ಮೇಲೆ ತೋಟಕ್ಕೆ ಮೊದಲು ಬಂದದ್ದು ಪವರ್ ಟಿಲ್ಲರ್. ಅದರ ಹಿಂದೆ ದಿನವಿಡೀ ನಡೆದು ಕೈ ನಡುಗಿಸಿಕೊಂಡವರು ಕೈಗೆ ದುಡ್ಡು ಬಂದಾಗ ಇಪ್ಪತ್ತು ಇಪ್ಪತ್ತೈದು ಎಚ್‌ಪಿಯ, ಕೂತು ಓಡಿಸುವ ಸಣ್ಣ ಟ್ರ್ಯಾಕ್ಟರ್ ಕೊಂಡರು. ಗಾತ್ರ ಸಣ್ಣದಾದರೂ ಒಳಗಿನ ಸರಂಜಾಮಿನಲ್ಲಿ ಕಡಿಮೆಯೇನಿಲ್ಲ: ನಾಲ್ಕೂ ಚಕ್ರಕ್ಕೆ ಎಳೆತ, ಹೈಡ್ರಾಲಿಕ್ ಲಿಫ್ಟ್, ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟ್, ಕೆಲವಕ್ಕೆ ಪವರ್ ಸ್ಟೀರಿಂಗ್. ಇಷ್ಟೆಲ್ಲವನ್ನೂ ಇಕ್ಕಟ್ಟಿನಲ್ಲಿ ಅಡಕಿಸಿರುವುದರಿಂದ ಒಂದು ಕಡೆ ಸೋರಿದ ಎಣ್ಣೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಎಣ್ಣೆ ಇಳಿಜಾರು ಹಿಡಿದು ಹರಿಯುತ್ತದೆ. ರೇಡಿಯೇಟರ್ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಬೋಲ್ಟಿನ ತಲೆ, ಪೈಪಿನ ಬಾಗು, ಎರಕದ ಅಂಚು ಎಲ್ಲೆಲ್ಲೋ ಸುತ್ತಿ ಕೊನೆಗೆ ಅತಿ ಕೆಳಗಿನ ಜಾಗದಲ್ಲಿ ಹನಿಯಾಗಿ ನಿಲ್ಲುತ್ತದೆ. ಹೀಗಾಗಿ ಹೆಚ್ಚು ಒದ್ದೆಯಾದ ಜಾಗವೇ ಸೋರಿದ ಜಾಗವಾಗಿರುವುದು ಅಪರೂಪ.

ನಮ್ಮ ಗಾಡಿಯಲ್ಲಿ ಹನಿ ಬೀಳುತ್ತಿದ್ದದ್ದು ನಟ್ಟನಡುವೆ, ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವಿನ ಕ್ಲಚ್ ಹೌಸಿಂಗಿನ ತಳದಲ್ಲಿ. ಅಲ್ಲೊಂದು ತೂತಿದೆ. ಅದನ್ನು ಇಟ್ಟಿರುವುದೇ ಒಳಗೆ ಎಣ್ಣೆ ಬಂದರೆ ಹೊರಗೆ ಹೋಗಲಿ ಎಂದು. ಹಳೆಯ ಕೆಲವು ಟ್ರ್ಯಾಕ್ಟರುಗಳಲ್ಲಿ ಆ ತೂತಿಗೊಂದು ಸ್ಪ್ಲಿಟ್ ಪಿನ್ ಸಡಿಲವಾಗಿ ನೇತುಬಿಟ್ಟಿರುತ್ತಾರೆ. ಗಾಡಿ ಅದುರಿದಾಗಲೆಲ್ಲ ಪಿನ್ ಕುಣಿಯುತ್ತಾ ಕೆಸರು ಕಟ್ಟದಂತೆ ತೂತನ್ನು ತೆರೆದಿಡುತ್ತದೆ. ಯಾರ ತಲೆಗೆ ಮೊದಲು ಹೊಳೆಯಿತೋ, ನನಗೆ ಬಹಳ ಇಷ್ಟವಾದ ಉಪಾಯ. ಕ್ಲಚ್ ಪ್ಲೇಟು ಒಣಗಿರಬೇಕಾದ ವಸ್ತು, ಎಣ್ಣೆ ಮೆತ್ತಿದರೆ ಜಾರುತ್ತದೆ. ಅದಕ್ಕೇ ಆ ತೂತಿನಲ್ಲಿ ಕಂಡ ಹನಿಗೆ ಬೇರೆ ಹನಿಗಿಲ್ಲದ ಬೆಲೆ.

ಮೇಸ್ತ್ರಿ ಬಂದವರು ಗಾಡಿಯ ಕೆಳಗೆ ಹಳೆಯ ಕ್ಯಾಲೆಂಡರ್ ಹಾಳೆಯನ್ನು ಬೋರಲು ಹಾಕಿ ಹನಿ ಹಿಡಿದರು. ಬಿಳಿ ಕಾಗದದ ಮೇಲೆ ಎಣ್ಣೆಯ ಬಣ್ಣ ಮುಚ್ಚಿಡಲಾಗದು. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಸ್ವಲ್ಪ ಹೊತ್ತಿಗೇ ಮಸಿ ಸೇರಿ ಕಪ್ಪಾಗುತ್ತದೆ. ಗೇರ್ ಮತ್ತು ಹೈಡ್ರಾಲಿಕ್ಕಿನ ಎಣ್ಣೆ ವರ್ಷವಾದರೂ ಜೇನು ಬಣ್ಣ ಬಿಡುವುದಿಲ್ಲ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಕೂಲಂಟ್ ಹಸಿರೋ ಗುಲಾಬಿಯೋ ಇರುತ್ತದೆ, ಬೆರಳಿಗೆ ಜಿಗುಟು, ಮೂಗಿಗೆ ಸಿಹಿ ವಾಸನೆ. ಡೀಸೆಲ್ ಹನಿಯಾಗಿ ನಿಲ್ಲದೆ ಕಾಗದದ ತುಂಬ ಹರಡುತ್ತದೆ. ನಮ್ಮದು ಜೇನು ಬಣ್ಣ. ಎಂಜಿನ್ನಿನ ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೆರೆಯ ಮೇಲೇ ಇದೆ, ಗೇರ್ ಪೆಟ್ಟಿಗೆಯ ಕಡ್ಡಿಯಲ್ಲಿ ಇಳಿದಿದೆ. ಅಲ್ಲಿಗೆ ಎಂಜಿನ್ನಿನ ಹಿಂಬದಿಯ ಸೀಲಿನ ಮೇಲಿದ್ದ ಅನುಮಾನ ಹೋಯಿತು. ಉಳಿದದ್ದು ಗೇರ್ ಪೆಟ್ಟಿಗೆಯಿಂದ ಕ್ಲಚ್ಚಿನೊಳಕ್ಕೆ ಚಾಚಿರುವ ಶಾಫ್ಟಿನ ಸೀಲು.

ಅದನ್ನು ಬದಲಿಸುವುದು ಸಣ್ಣ ಕೆಲಸವಲ್ಲ. ಲಾರಿಗೆ ಚಾಸಿ ಇದೆ, ಟ್ರ್ಯಾಕ್ಟರಿಗೆ ಇಲ್ಲ. ಎಂಜಿನ್ನು, ಕ್ಲಚ್ ಹೌಸಿಂಗು, ಗೇರ್ ಪೆಟ್ಟಿಗೆ, ಹಿಂದಿನ ಆಕ್ಸಲ್ ಎಲ್ಲವನ್ನೂ ಒಂದರ ಬೆನ್ನಿಗೆ ಒಂದು ಬೋಲ್ಟ್ ಹಾಕಿ ಬಿಗಿದರೆ ಅದೇ ಗಾಡಿಯ ಬೆನ್ನೆಲುಬು. 1917ರಲ್ಲಿ ಬಂದ ಹೆನ್ರಿ ಫೋರ್ಡ್ ಅವರ ಫೋರ್ಡ್‌ಸನ್ ಈ ಪದ್ಧತಿಯನ್ನು ಜಗತ್ತಿನ ತುಂಬ ಹರಡಿತು. ಕಬ್ಬಿಣ ಉಳಿಯಿತು, ಬೆಲೆ ಇಳಿಯಿತು, ರೈತನ ಕೈಗೆ ಟ್ರ್ಯಾಕ್ಟರ್ ಎಟುಕಿತು. ಆದರೆ ಅಂದಿನಿಂದ ನಡುವಿನ ಸೀಲು ಮುಟ್ಟಬೇಕಾದರೆ ಇಡೀ ಗಾಡಿಯನ್ನು ಎರಡು ಹೋಳು ಮಾಡಲೇಬೇಕಾಯಿತು. ಸ್ಟೀರಿಂಗ್ ಕಂಬಿ, ವೈರು, ಪೈಪು ಎಲ್ಲ ಕಳಚಬೇಕು. ಮುಂದಿನ ಆಕ್ಸಲ್ ಒಂದೇ ಪಿನ್ನಿನ ಮೇಲೆ ತೂಗುವಂಥದ್ದು, ಅದರ ಎರಡೂ ಪಕ್ಕಕ್ಕೆ ಮರದ ಬೆಣೆ ಹೊಡೆಯದೆ ಬಿಚ್ಚಿದರೆ ಎಂಜಿನ್ ಭಾಗ ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಮತ್ತೆ ಕೂಡಿಸುವಾಗ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿನ ಹಲ್ಲಿಗೆ ಕೂರುವ ತನಕ ತಳ್ಳಬೇಕು, ತಿರುಗಿಸಬೇಕು, ಕಾಯಬೇಕು. ಗೊಬ್ಬರ ಸೇರಿಸುವ ದಿನಗಳಲ್ಲಿ ಗಾಡಿ ಹೀಗೆ ಹೋಳಾಗಿ ಕೂತರೆ ತೋಟದ ಕೆಲಸವೂ ಕೂತ ಹಾಗೆಯೇ.

"ಹಂಗಾರೆ ಬಿಚ್ಚೋದೇನಾ ಮೇಸ್ತ್ರಿ?" ಎಂದೆ.

"ತಡೀರಣ್ಣ, ಬಿಚ್ಚೋದು ಎಲ್ಲಿಗೂ ಓಡೋಗಲ್ಲ. ಮೊದ್ಲು ತೊಳೀರಿ."

ತೊಳೆಯುವುದನ್ನೂ ಅವರು ಹೇಳಿದ ಕ್ರಮದಲ್ಲೇ ಮಾಡಬೇಕು. ಡೀಸೆಲ್ ಅದ್ದಿದ ಬ್ರಷ್ಷಿನಿಂದ ಹಳೆಯ ಜಿಡ್ಡು ಉಜ್ಜಿ, ಸೋಪಿನ ನೀರು ಹಾಕಿ, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಬಿಡಬೇಕು. ಸರ್ವೀಸ್ ಸ್ಟೇಷನ್ನಿನ ಜೋರು ನೀರನ್ನು ಸೀಲುಗಳ ಮೇಲೆ ನೇರ ಹೊಡೆಸುವುದು ಅವರಿಗೆ ಸುತರಾಂ ಆಗದು. ಆ ರಭಸಕ್ಕೆ ಸೀಲಿನ ತುಟಿ ಸರಿದು ನೀರು ಒಳಗೆ ಹೋಗುತ್ತದೆ. ಗಾಡಿ ಒಣಗಿದ ಮೇಲೆ ಜೇಬಿನಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದು ಹೌಸಿಂಗಿನ ಸುತ್ತ, ಹೈಡ್ರಾಲಿಕ್ ಪೈಪುಗಳ ಕೀಲುಗಳ ಮೇಲೆ, ಆಕ್ಸಲ್ಲಿನ ಮೇಲೆ ತೆಳ್ಳಗೆ ಉದುರಿಸಿದರು. ಬಿಳಿ ಪುಡಿಯ ಮೇಲೆ ಎಣ್ಣೆಯ ಮೊದಲ ಎಳೆ ಹರಿದ ಕೂಡಲೆ ಕಪ್ಪು ಗೆರೆ ಮೂಡುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಡಿದು ಹೋದರೆ ಎಣ್ಣೆ ಹೊರಟ ಜಾಗ ಸಿಗುತ್ತದೆ. ಎಷ್ಟೋ ಸಲ ಕ್ಲಚ್ ಹೌಸಿಂಗಿನ ಕೆಳಗೆ ಬೀಳುವ ಹನಿಯ ಮೂಲ ಮೇಲೆಲ್ಲೋ ಇರುವ ಹೈಡ್ರಾಲಿಕ್ ಪೈಪಿನ ತಾಮ್ರದ ವಾಷರ್ ಆಗಿರುತ್ತದಂತೆ. ವಾಷರ್ ಬದಲಿಸಿದರೆ ಮುಗಿಯಿತು, ಅಷ್ಟಕ್ಕಾಗಿ ಹೋಳು ಮಾಡಿಸಿಕೊಂಡ ಗಾಡಿಗಳನ್ನು ಅವರು ಕಂಡಿದ್ದಾರೆ.

ನಮ್ಮ ಗಾಡಿಯ ಪುಡಿಯ ಮೇಲೆ ಗೆರೆ ಮೂಡಲಿಲ್ಲ. ಎಂಜಿನ್ ಓಡಿಸಿ ಬಿಟ್ಟೆವು, ಲಿಫ್ಟನ್ನು ಎತ್ತಿ ಇಳಿಸಿದೆವು, ತೂತು ಒಣಗಿಯೇ ಇತ್ತು. ರೋಟವೇಟರ್ ಕಟ್ಟಿಕೊಂಡು ತೋಟಕ್ಕೆ ಇಳಿದು, ಬಿಸಿಲು ಏರಿ ಹೌಸಿಂಗಿಗೆ ಕೈಯಿಟ್ಟರೆ ಸುಡುವ ಹೊತ್ತಿಗೆ ತೂತಿನಿಂದ ಹನಿ ಶುರುವಾಯಿತು. ಮೇಸ್ತ್ರಿ ಗಾಡಿ ನಿಲ್ಲಿಸಿ, ಸೀಟಿನ ಹತ್ತಿರ ಇರುವ ಗೇರ್ ಎಣ್ಣೆಯ ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿದರು. ಒಳಗಿಂದ ಉಸ್ ಎಂದು ಗಾಳಿ ಬಂತು. ಮುಚ್ಚಳವನ್ನು ಪೂರ್ತಿ ಬಿಗಿಯದೆ ಮೇಲೊಂದು ಬಟ್ಟೆ ಸುತ್ತಿ ಮತ್ತೆ ಕೆಲಸಕ್ಕೆ ಬಿಟ್ಟರು. ಹನಿ ನಿಂತಿತು.

ಮೂಲ ಸಿಕ್ಕಿತ್ತು. ಗೇರ್ ಪೆಟ್ಟಿಗೆಗೂ ಉಸಿರು ಬೇಕು. ಅದಕ್ಕೆಂದೇ ಲಿಫ್ಟಿನ ಮುಚ್ಚಳದ ಮೇಲೆ ಬೆರಳುದ್ದದ ಒಂದು ನಳಿಗೆ, ಅದಕ್ಕೊಂದು ಟೋಪಿ ಇರುತ್ತದೆ. ಅದೇ ಬ್ರೀದರ್. ಬೆಳಗ್ಗೆ 25 ಡಿಗ್ರಿ ಇದ್ದ ಹೌಸಿಂಗು ಮಧ್ಯಾಹ್ನಕ್ಕೆ 75 ಡಿಗ್ರಿಗೆ ಏರಿತು ಎಂದುಕೊಳ್ಳಿ. ಒಳಗಿನ ಗಾಳಿಗೆ ದಾರಿ ಇಲ್ಲದಿದ್ದರೆ ಅದರ ಒತ್ತಡ ಆರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಎಣ್ಣೆಯೂ ಹಿಗ್ಗುತ್ತದೆ, 20 ಲೀಟರ್ ಎಣ್ಣೆ ಅಷ್ಟು ಬಿಸಿಯಾದರೆ ಮುಕ್ಕಾಲು ಲೀಟರಿನ ಹತ್ತಿರ ಹೆಚ್ಚು ಜಾಗ ಕೇಳುತ್ತದೆ, ಆ ಜಾಗವನ್ನು ಗಾಳಿಯಿಂದಲೇ ಕಸಿದುಕೊಳ್ಳುತ್ತದೆ. ಎರಡೂ ಸೇರಿ ಕಾಲು ಬಾರಿನ ಆಸುಪಾಸು ಒತ್ತಡ ಕಟ್ಟುತ್ತದೆ. ಟೈರಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಶಾಫ್ಟಿನ ಸೀಲುಗಳನ್ನು ಮಾಡಿರುವುದು ಎಣ್ಣೆಯ ಎರಚಾಟ ತಡೆಯಲಿಕ್ಕೆ, ಒತ್ತಡ ತಡೆಯಲಿಕ್ಕಲ್ಲ. ಹೊಸ ಸೀಲಿಗೇ ಅರ್ಧ ಬಾರ್ ಹೆಚ್ಚು, ಸವೆದ ಸೀಲು ಅಷ್ಟಕ್ಕೂ ಮೊದಲೇ ಸೋಲುತ್ತದೆ. ರಾತ್ರಿ ಗಾಡಿ ತಣ್ಣಗಾದಾಗ ಇದೇ ವ್ಯವಹಾರ ತಿರುಗಾಮುರುಗಾ ನಡೆಯುತ್ತದೆ. ಒಳಗೆ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ಹೊರಗಿನ ತೇವ, ಧೂಳು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗೇರ್ ಎಣ್ಣೆ ಯಾಕೆ ಬೆಳ್ಳಗಾಯಿತೆಂದು ತಲೆ ಕೆಡಿಸಿಕೊಳ್ಳುವವರು ಬ್ರೀದರನ್ನು ಒಮ್ಮೆ ನೋಡುವುದು ಒಳ್ಳೆಯದು. ಹೊಸ ಸೀಲು ಹಾಕಿಸಿ, ಅದೂ ಸೋರಿ, ಸೀಲಿನ ಗುಣಮಟ್ಟವನ್ನು ಬೈದುಕೊಂಡು ಮತ್ತೊಂದು ಹಾಕಿಸಿದವರ ಎಷ್ಟೋ ಗಾಡಿಗಳಲ್ಲಿ ಇದೇ ಆಗಿರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ಬ್ರೀದರಿನ ಟೋಪಿ ಎಂದೋ ಉದುರಿ ಹೋಗಿತ್ತು. ಉಳಿದಿದ್ದ ನಳಿಗೆಯ ಬಾಯಿಗೆ ಕಲ್ಲಿನಂತೆ ಗಟ್ಟಿಯಾದ ಕೆಂಪು ಮಣ್ಣು. ಮೇಸ್ತ್ರಿ ತಂತಿಯಿಂದ ಕೆದಕಿದಾಗ ಮಣ್ಣಿನ ಜೊತೆ ಒಣಗಿದ ಜೇಡಗಳ ಕಾಲುಗಳು ಉದುರಿದವು. ಕುಂಬಾರ ಹುಳುವಿನ ಗೂಡು! ಗಾಡಿ ಶೆಡ್ಡಿನಲ್ಲಿ ಸುಮ್ಮನೆ ನಿಂತ ದಿನಗಳಲ್ಲಿ, ಡ್ರಿಪ್ ಪೈಪಿನ ಕೆಳಗಿನ ಹಸಿ ಮಣ್ಣನ್ನು ಉಂಡೆ ಕಟ್ಟಿ ತಂದು ಆ ಹುಳು ಇಲ್ಲಿ ಮನೆ ಮಾಡಿತ್ತು. ಜೇಡವನ್ನು ಕುಟುಕಿ, ಸಾಯದಂತೆ ಆದರೆ ಅಲುಗಾಡದಂತೆ ಮಾಡಿ, ಗೂಡಿನೊಳಗೆ ತುರುಕಿ, ಮೊಟ್ಟೆಯಿಟ್ಟು ಬಾಯಿ ಮುಚ್ಚಿಬಿಡುತ್ತದೆ. ಮೊಟ್ಟೆಯೊಡೆದ ಮರಿಗೆ ಅದೇ ಆಹಾರ. ಕೆಲವು ದಿನಗಳ ಮೇಲೆ ಗೂಡು ಕೊರೆದು ಹೊಸ ಕಣಜ ಹೊರಗೆ ಬರುತ್ತದೆ. ನಮ್ಮ ಹಿರಿಯರು ಕಂಡದ್ದು ಒಳಗೆ ಹೋದ ಹುಳ, ಹೊರಗೆ ಬಂದ ಭ್ರಮರ. ಧ್ಯಾನಿಸುತ್ತಾ ಧ್ಯಾನಿಸುತ್ತಾ ಕೀಟವೇ ಭ್ರಮರವಾಗುತ್ತದೆಂದು ಅದನ್ನು ವೇದಾಂತದ ದೃಷ್ಟಾಂತವನ್ನಾಗಿ ಮಾಡಿದರು. ಭ್ರಮರ-ಕೀಟ ನ್ಯಾಯ ಹೇಳದ ಪ್ರವಚನವನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇ ಕಡಿಮೆ. ಆ ಹುಳು ನಮ್ಮ ಗೇರ್ ಪೆಟ್ಟಿಗೆಯ ಉಸಿರು ಕಟ್ಟಿಸಿತ್ತು.

ಈ ಹುಳುವನ್ನು ಹಗುರವಾಗಿ ಎಣಿಸುವಂತಿಲ್ಲ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನೇರ್ ಸಂಸ್ಥೆಯ ಬೋಯಿಂಗ್ 757 ವಿಮಾನ ಹಾರಿದ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ವೇಗ ಅಳೆಯುವ ಪಿಟೋ ನಳಿಗೆ ಮುಚ್ಚಿಹೋಗಿ ಕ್ಯಾಪ್ಟನ್ ಎದುರಿನ ಮುಳ್ಳು ತಪ್ಪು ವೇಗ ತೋರಿಸಿತ್ತು. ವಿಮಾನ ಹಾರದೆ ನಿಂತಿದ್ದ ದಿನಗಳಲ್ಲಿ ನಳಿಗೆಗೆ ಹೊದಿಕೆ ಹಾಕಿರಲಿಲ್ಲ. ಅದರೊಳಗೆ ಮಣ್ಣಿನ ಕಣಜ ಗೂಡು ಕಟ್ಟಿದ್ದಿರಬೇಕೆಂಬುದು ತನಿಖೆಯವರ ಬಲವಾದ ಅನುಮಾನ. ತೆರೆದ ನಳಿಗೆ ಎಲ್ಲಿದ್ದರೂ ಆ ಹುಳುವಿಗೆ ಮನೆಯೇ.

ನಳಿಗೆ ತೊಳೆದು, ಹೊಸ ಟೋಪಿ ಹಾಕಿದೆವು. ಒಂದು ಊಟದ ದುಡ್ಡಿಗೆ ಸಿಗುವ ಸಾಮಾನು ಅದು. ಆಮೇಲೂ ಕೆಲವು ದಿನ ತೂತಿನಲ್ಲಿ ಅಲ್ಲೊಂದು ಇಲ್ಲೊಂದು ಹನಿ ಕಾಣುತ್ತಿತ್ತು. ಹೌಸಿಂಗಿನ ಒಳಗೋಡೆಗೆ ಮೊದಲೇ ಅಂಟಿದ್ದ ಎಣ್ಣೆ ಇಳಿದು ಮುಗಿಯುವ ತನಕ ಕಾಯಬೇಕು, ಅದನ್ನು ನೋಡಿ ಗಾಬರಿ ಬೀಳಬಾರದು ಎಂದು ಮೇಸ್ತ್ರಿ ಮುಂಚೆಯೇ ಹೇಳಿದ್ದರು. ನಿಂತಿತು. ಗಾಡಿ ಹೋಳಾಗಲಿಲ್ಲ.

ಸೀಲೇ ಹೋಗಿದ್ದ ಜಾಗವೂ ಅದೇ ಗಾಡಿಯಲ್ಲಿತ್ತು: ಮುಂದಿನ ಬಲ ಚಕ್ರದ ಹಬ್. ತೋಟದಲ್ಲಿ ಬಿದ್ದ ಸೋಗೆಯ ನಾರು, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ಹರಿದ ಡ್ರಿಪ್ ಪೈಪು ಎಲ್ಲವೂ ಚಕ್ರದ ಒಳಬದಿಗೆ ಸುತ್ತಿಕೊಂಡು ಬಿಗಿಯುತ್ತಾ ಬಿಗಿಯುತ್ತಾ ಸೀಲಿನ ತುಟಿಯ ಕೆಳಗೆ ತೂರುತ್ತವೆ. ಚಕ್ರ ಬಿಚ್ಚಿದಾಗ ಉಗುರಿನಿಂದ ಕೀಳಲಾಗದ ಹಾಗೆ ದಾರದ ಬಳೆಯೇ ಅಲ್ಲಿ ಕಟ್ಟಿತ್ತು.

ಆ ಸೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಅಂಥ ದೊಡ್ಡದೇನಲ್ಲ. ಕಬ್ಬಿಣದ ತೆಳು ಚೌಕಟ್ಟು, ಒಳಗೆ ರಬ್ಬರಿನ ತುಟಿ, ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಬಳೆಯಾಕಾರದ ಸಣ್ಣ ಸ್ಪ್ರಿಂಗು. ರಬ್ಬರಿಗಿಂತ ಮೊದಲು ಈ ತುಟಿಯನ್ನು ಚರ್ಮದಲ್ಲಿ ಮಾಡುತ್ತಿದ್ದರು. ಇವತ್ತಿಗೂ ಸೀಲುಗಳಿಗೆ ಹೆಸರಾದ ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಕಂಪನಿ ಹುಟ್ಟಿದ್ದೇ ಚರ್ಮ ಹದ ಮಾಡುವ ಕಾರ್ಖಾನೆಯಾಗಿ. ಸೈಕಲ್ ಪಂಪಿನ ಚರ್ಮದ ವಾಷರಿಗೆ ಕೊಬ್ಬರಿ ಎಣ್ಣೆ ಬಿಟ್ಟು ಮೆದುಮಾಡಿದವರಿಗೆ ಇದು ಹೊಸದೆನಿಸದು. ಶಾಫ್ಟ್ ತಿರುಗುವಾಗ ತುಟಿ ಅದನ್ನು ನೇರವಾಗಿ ಮುಟ್ಟುವುದಿಲ್ಲ, ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತಾ, ಹೊರಗೆ ಬರಲು ನೋಡುವ ಎಣ್ಣೆಯನ್ನು ತನ್ನ ಓರೆಯಿಂದ ಒಳಕ್ಕೇ ದಬ್ಬುತ್ತಿರುತ್ತದೆ. ಒಂದಿಷ್ಟು ಧೂಳು ತುಟಿಗೆ ಅಂಟಿಕೊಂಡರೆ ಸಾಕು, ಉಕ್ಕಿನ ಶಾಫ್ಟಿನ ಮೇಲೆ ಉಂಗುರದಂಥ ಗೆರೆ ಕೊರೆಯುತ್ತದೆ. ಮೆತ್ತನೆಯ ರಬ್ಬರು ಗಟ್ಟಿ ಉಕ್ಕನ್ನು ತಿನ್ನುವ ಈ ಸಂಗತಿಯನ್ನು ಮೇಸ್ತ್ರಿ ನನ್ನ ಉಗುರನ್ನು ಆ ಗೆರೆಯ ಮೇಲೆ ಎಳೆಸಿ ನಂಬಿಸಿದರು. ಉಗುರು ತಡೆಯಿತು.

ಗೆರೆ ಬಿದ್ದ ಶಾಫ್ಟಿಗೆ ಹೊಸ ಸೀಲನ್ನು ಹಳೆಯ ಜಾಗದಲ್ಲೇ ಕೂರಿಸಿದರೆ ಅದೂ ಸೋರುತ್ತದೆ. ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಸರಿಸಿ, ತುಟಿ ನುಣುಪಾದ ಕಡೆ ಬರುವಂತೆ ಕೂರಿಸಬೇಕು. ಇಲ್ಲದಿದ್ದರೆ ಕಾಲು ಮಿಲಿಮೀಟರ್ ದಪ್ಪದ ಸ್ಟೀಲಿನ ತೋಳು ಸಿಗುತ್ತದೆ, ಅದನ್ನು ಶಾಫ್ಟಿಗೆ ತೊಡಿಸಬೇಕು. ನಮ್ಮದು ಸರಿಸುವಷ್ಟರಲ್ಲೇ ಆಯಿತು. ಸ್ಪ್ರಿಂಗಿನ ಬದಿ ಎಣ್ಣೆಯ ಕಡೆಗೆ, ತುಟಿಗೆ ಎಣ್ಣೆ ಸವರಿ, ಸೀಲಿನಷ್ಟೇ ಅಗಲದ ಪೈಪಿನ ತುಂಡು ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಉಳಿ ಸುತ್ತಿಗೆಯಲ್ಲಿ ಒಂದೊಂದೇ ಬದಿ ಹೊಡೆದು ಸೀಲು ಸೊಟ್ಟಗಾಗಿಸುವವರನ್ನು ಕಂಡರೆ ಅವರಿಗೆ ಸಂಕಟ.

ಸೋರುವುದೆಲ್ಲ ಇಷ್ಟು ಸಾವಕಾಶವಾಗಿ ನೋಡುವಂಥದ್ದಲ್ಲ. ಹೈಡ್ರಾಲಿಕ್ ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಎಣ್ಣೆ ಹನಿಯಾಗಿ ಬೀಳದೆ ಮಂಜಿನಂತೆ ಚಿಮ್ಮುತ್ತದೆ, ತೂತು ಕಾಣುವುದೂ ಇಲ್ಲ. ಎಲ್ಲಿದೆಯೆಂದು ಕೈಯಾಡಿಸಿ ನೋಡುವುದು ಮನುಷ್ಯನ ಸಹಜ ಅಭ್ಯಾಸ, ಅದನ್ನು ಮಾಡಲೇಬಾರದು. ಲಿಫ್ಟ್ ದುಡಿಯುವಾಗ ಆ ಪೈಪಿನಲ್ಲಿ 150 ಬಾರ್, ಅದಕ್ಕೂ ಹೆಚ್ಚು ಒತ್ತಡ ಇರುತ್ತದೆ. ಎಣ್ಣೆ ಚರ್ಮವನ್ನು ತೂರಿ ಒಳಕ್ಕೆ ಹೋಗುತ್ತದೆ. ಮೊದಲು ಮುಳ್ಳು ಚುಚ್ಚಿದಷ್ಟೇ ಗಾಯ, ನೋವೂ ಕಡಿಮೆ. ಅರಿಶಿನ ಹಚ್ಚಿಕೊಂಡು ಕೆಲಸ ಮುಂದುವರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕೈ ಊದುತ್ತದೆ, ಒಳಗೆ ಮಾಂಸ ಸಾಯುತ್ತಾ ಹೋಗುತ್ತದೆ. ತಡಮಾಡಿದವರು ಬೆರಳು, ಕೈ ಕಳೆದುಕೊಂಡಿದ್ದಾರೆ. ಹಾಗೇನಾದರೂ ಆದರೆ ಗಾಯ ಎಷ್ಟೇ ಸಣ್ಣದಿರಲಿ, ಆಗಿಂದಾಗಲೇ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಚುಚ್ಚಿದೆ ಎಂದೇ ಹೇಳಬೇಕು. ತೂತು ಹುಡುಕಲು ಕೋಲಿನ ತುದಿಗೆ ರಟ್ಟು ಸಿಕ್ಕಿಸಿ ದೂರದಿಂದ ಪೈಪಿನುದ್ದಕ್ಕೂ ಆಡಿಸಿದರೆ ಸಾಕು, ರಟ್ಟು ಒದ್ದೆಯಾದ ಕಡೆ ತೂತಿದೆ. ಪೈಪು ಬಿಚ್ಚುವ ಮೊದಲು ರೋಟವೇಟರನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರನ್ನು ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡ ಬಿಡಿಸಬೇಕು. ಎತ್ತಿದ ರೋಟವೇಟರಿನ ಕೆಳಗೆ ತಲೆ ಹಾಕುವವರನ್ನು ಕಂಡರೆ ನಾನು ಕೂಗಿ ಹೊರಗೆ ಕರೆಯುತ್ತೇನೆ. ಅದನ್ನು ಮೇಲೆ ಹಿಡಿದಿರುವುದು ಅದೇ ಎಣ್ಣೆ, ಅದೇ ರಬ್ಬರು.

ಹತ್ತು ಸೆಕೆಂಡಿಗೊಂದು ಹನಿ ಏನು ಮಹಾ ಎನ್ನುವವರಿಗೆ ನಾನು ಲೆಕ್ಕ ಹೇಳುವುದುಂಟು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದರೆ ಹಗಲು ರಾತ್ರಿ ಸೋರಿದರೆ ದಿನಕ್ಕೆ 400 ಮಿಲಿಲೀಟರಿಗಿಂತ ಹೆಚ್ಚು, ತಿಂಗಳಿಗೆ ಹನ್ನೆರಡು ಹದಿಮೂರು ಲೀಟರ್. ದುಡ್ಡಿನ ಮಾತು ಇರಲಿ. ಅಡಿಕೆಯ ಬೇರು ನೆಲದ ಮೇಲ್ಪದರದಲ್ಲೇ ಹರಡಿಕೊಳ್ಳುವಂಥದ್ದು, ನಮ್ಮ ಕುಡಿಯುವ ನೀರಿನ ಬಾವಿಯೂ ಅದೇ ತೋಟದಲ್ಲಿದೆ.

ಈಗ ಎಂಜಿನ್ನಿನ ಮೇಲಿನ ವಾಲ್ವ್ ಮುಚ್ಚಳದ ಅಂಚು ಸ್ವಲ್ಪ ಬೆವರುತ್ತಿದೆ, ಧೂಳು ಅಂಟುವಷ್ಟು ಮಾತ್ರ, ಹನಿ ಕಟ್ಟುವುದಿಲ್ಲ. ಬೋಲ್ಟ್ ಬಿಗಿಸೋಣವೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ ಬೇಡವೆಂದರು. ತಗಡಿನ ಮುಚ್ಚಳ, ಹೆಚ್ಚು ಬಿಗಿದರೆ ಸೊಟ್ಟಗಾಗಿ ಪ್ಯಾಕಿಂಗ್ ಹಿಂಡಿಹೋಗುತ್ತದೆ, ಬೆವರುವುದು ಆಮೇಲೆ ಸೋರುತ್ತದೆ. ಮುಂದಿನ ಸರ್ವೀಸಿನಲ್ಲಿ ವಾಲ್ವ್ ಕ್ಲಿಯರೆನ್ಸ್ ನೋಡಲು ಆ ಮುಚ್ಚಳವನ್ನು ಹೇಗೂ ತೆಗೆಯಬೇಕು. ಹೊಸ ಪ್ಯಾಕಿಂಗ್ ಆಗಲೇ ಹಾಕಿಸುತ್ತೇನೆ. ಅಲ್ಲಿಯ ತನಕ ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಎರಡೂ ಕಡ್ಡಿ ಎಳೆದು ಎಣ್ಣೆ ನೋಡಿಕೊಂಡರಾಯಿತು.